ಹಯಾಶಿಯವರ ಮನೆಯಲ್ಲಿದ್ದ ನಾಲ್ಕನೆಯ ಪುಸ್ತಕ

ಪುಣೆಯ ಕಾತ್ರಜ: ಹೊರಡುವ ಮೊದಲು

ಜಪಾನಿಗೆ ಹೋಗುವವರು ಏನೇನು ಕಟ್ಟಿಕೊಳ್ಳುತ್ತಾರೋ ಗೊತ್ತಿಲ್ಲ, ನಮ್ಮ ಅತ್ತೆಯವರು ನಲವತ್ತು ಖಡಕ್ ರೊಟ್ಟಿ ಕಟ್ಟಿಕೊಂಡರು. ಜೊತೆಗೆ ಎರಡು ಡಬ್ಬಿ ಶೇಂಗಾ ಚಟ್ನಿ, ಒಂದು ಡಬ್ಬಿ ಅಗಸಿ ಚಟ್ನಿ. ಅಲ್ಲಿಯವರು ಚಹಾದಲ್ಲೂ ಮೀನು ಹಾಕುತ್ತಾರೆಂದು ಎದುರುಮನೆಯ ಜೋಶಿ ಕಾಕೂ ಹೆದರಿಸಿಬಿಟ್ಟಿದ್ದರು. ನಾನು ಎಷ್ಟು ಹೇಳಿದರೂ ಅತ್ತೆ ನಂಬಲಿಲ್ಲ. ನಾನು ಹಡಪಸರದ ಒಂದು ಕಾರ್ಖಾನೆಯಲ್ಲಿ ಜಪಾನೀ ಯಂತ್ರಗಳ ಕೈಪಿಡಿಗಳನ್ನು ಇಂಗ್ಲಿಷಿಗೆ ಇಳಿಸುವ ಕೆಲಸದವಳು. ಆ ಭಾಷೆಯನ್ನು ಹತ್ತು ವರ್ಷ ಓದಿದ್ದೇನೆ. ಆದರೆ ನಮ್ಮ ಮನೆಯಲ್ಲಿ ಜೋಶಿ ಕಾಕೂ ಹೇಳಿದ್ದೇ ಕೊನೆಯ ಮಾತು.

ಈ ಪ್ರಯಾಣದ ಮೂಲ ಒಂದು ಚಿತ್ರಕಥೆ. ಜಪಾನಿನಲ್ಲಿ ಅದನ್ನು ಮಾಂಗಾ ಎನ್ನುತ್ತಾರೆ, ಮಕ್ಕಳಷ್ಟೇ ದೊಡ್ಡವರೂ ಓದುತ್ತಾರೆ. ತೊಂಬತ್ತರ ದಶಕದ ನಡುವಿನಲ್ಲಿ ಹಯಾಶಿ ಎಂಬ ಇಂಜಿನಿಯರು ನಮ್ಮ ಕಾರ್ಖಾನೆಗೆ ಯಂತ್ರ ಕೂರಿಸಲು ಬಂದು ಎಂಟು ತಿಂಗಳು ಇದ್ದರು. ನನ್ನ ಗಂಡ ಪ್ರಕಾಶ್ ಅಲ್ಲಿಯೇ ನಕ್ಷೆ ತೆಗೆಯುವ ವಿಭಾಗದಲ್ಲಿದ್ದರು. ಪ್ರತಿ ಭಾನುವಾರ ಹಯಾಶಿ ನಮ್ಮಲ್ಲಿ ಊಟಕ್ಕೆ ಬರುತ್ತಿದ್ದರು. ಅವರು ಕಲಿತ ಮೊದಲ ಕನ್ನಡ ಪದ ‘ಸಾಕು’. ನಮ್ಮ ಅತ್ತೆ ಬಡಿಸುವುದನ್ನು ಕಂಡವರಿಗೆ ಬೇರೆ ಪದ ಕಲಿಯಲು ಪುರುಸೊತ್ತು ಸಿಗುತ್ತಿರಲಿಲ್ಲ. ಹೊರಡುವಾಗ ಅವರು ತಮ್ಮ ಪೆಟ್ಟಿಗೆಯಿಂದ ಆ ಚಿತ್ರಕಥೆಯ ಮೂರು ಭಾಗಗಳನ್ನು ತೆಗೆದು ಪ್ರಕಾಶರಿಗೆ ಕೊಟ್ಟರು. ನಾಲ್ಕನೆಯದು, ಅಂದರೆ ಕೊನೆಯದು, ಊರಿನಲ್ಲಿದೆ, ಮುಂದಿನ ಸಲ ತರುತ್ತೇನೆ ಎಂದರು.

ಅದು ಲೋಕ ಮುಳುಗಿಹೋದ ಮೇಲಿನ ಕಥೆ. ಪಟ್ಟಣಗಳ ಮೇಲೆ ಹುಲ್ಲು ಬೆಳೆದಿದೆ, ಸೇತುವೆಗಳು ಅರ್ಧಕ್ಕೇ ನಿಂತಿವೆ. ಸಾವೇ ಬರದ ಇಬ್ಬರು ಹೆಂಗಸರು, ಒಬ್ಬಳು ಮುದುಕಿ, ಒಬ್ಬಳು ಹರೆಯದವಳು, ನೂರಾರು ವರ್ಷ ನಡೆಯುತ್ತಲೇ ಇರುತ್ತಾರೆ. ಬೀಜ ಹೊತ್ತು ತಿರುಗುತ್ತಾರೆ. ಅಲ್ಲೊಂದು ಇಲ್ಲೊಂದು ಉಳಿದ ಮನೆಯ ಸುದ್ದಿಯನ್ನು ಇನ್ನೊಂದು ಮನೆಗೆ ಮುಟ್ಟಿಸುತ್ತಾರೆ. ಯಾರನ್ನೂ ಕೊಲ್ಲುವುದಿಲ್ಲ, ಏನನ್ನೂ ಗೆಲ್ಲುವುದಿಲ್ಲ. ನಾನೂ ಪ್ರಕಾಶರೂ ನಿಘಂಟು ನಡುವೆ ಇಟ್ಟುಕೊಂಡು ಮೂರೂ ಭಾಗ ಓದಿ ಮುಗಿಸಿದೆವು. ಕೊನೆಗೆ ಆ ಇಬ್ಬರ ಗತಿ ಏನಾಗುತ್ತದೆಂದು ನಮ್ಮಲ್ಲಿ ದೊಡ್ಡ ವಾದವೇ ನಡೆಯುತ್ತಿತ್ತು. ನಾಲ್ಕನೆಯದು ಬರುವ ಮೊದಲೇ ಪ್ರಕಾಶ್ ಹೋದರು. ಬೆಳಿಗ್ಗೆ ಎದೆನೋವು ಎಂದು ಕುರ್ಚಿಯಲ್ಲಿ ಕೂತವರು ಮತ್ತೆ ಏಳಲಿಲ್ಲ. ಆಮೇಲೆ ಆ ಪುಸ್ತಕಗಳನ್ನು ನಾನು ಮುಟ್ಟಲಿಲ್ಲ.

ಮಕ್ಕಳಿಲ್ಲದ ಮನೆ. ಉಳಿದದ್ದು ಅತ್ತೆ ಮತ್ತು ನಾನು. ಟಿ.ವಿ. ಸದ್ದಿನ ಮೇಲೆ, ಸಾರಿನ ಖಾರದ ಮೇಲೆ, ಗೀಸರ್ ಆರಿಸದೆ ಬಿಟ್ಟದ್ದರ ಮೇಲೆ ನಾಲ್ಕು ವರ್ಷ ಜಗಳಾಡಿಕೊಂಡು ಇದ್ದೆವು. ‘ಇನ್ನೂ ಅತ್ತೆಯ ಜೊತೆಗೇ ಇದ್ದೀಯಾ?’ ಎಂದು ಆಫೀಸಿನ ಹೆಂಗಸರು ಮರಾಠಿಯಲ್ಲಿ ಕೇಳಿದಾಗ ನಾನು ಊಟದ ಡಬ್ಬಿ ಮುಚ್ಚಿ ಏಳುತ್ತಿದ್ದೆ.

ಕಾರ್ಖಾನೆಯವರು ಎರಡು ವಾರದ ತರಬೇತಿಗೆ ನನ್ನನ್ನು ನಗೋಯಾಕ್ಕೆ ಕಳಿಸುವುದೆಂದಾಯಿತು. ಸುದ್ದಿ ತಿಳಿದ ಹಯಾಶಿಯವರು ಪತ್ರ ಬರೆದು, ಪ್ರಕಾಶರ ತಾಯಿಯವರನ್ನೂ ಕರೆತನ್ನಿ, ನಾಲ್ಕನೆಯ ಪುಸ್ತಕ ಕಾದಿದೆ ಎಂದರು. ಅದೇ ವಾರ ಹುಬ್ಬಳ್ಳಿಯಿಂದ ಮೈದುನ ಅಶೋಕನ ಫೋನು ಬಂತು. ಅಲ್ಲಿ ಅವನದು ಬಟ್ಟೆ ಅಂಗಡಿ.

"ವೈನಿ, ನೀವು ತಿರುಗಿ ಬಂದ ವಾರನ ನಾ ಗಾಡಿ ತೊಗೊಂಡು ಬರ್ತೀನಿ. ಅವ್ವನ ಸಾಮಾನು ಕಟ್ಟಿ ಇಡ್ರಿ. ಇನ್ನ ಆಕಿ ನನ್ನ ಹತ್ರ ಇರಲಿ. ನೀವರ ಎಷ್ಟು ದಿನಾ ಅಂತ ನೋಡ್ತೀರಿ?"

ಅವನ ಮಾತಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಆಗಲಿ ಎಂದೆ. ಮೂರು ಮಾರು ದೂರದಲ್ಲಿ ಅತ್ತೆ ಅಕ್ಕಿ ಆರಿಸುತ್ತ ಕೂತಿದ್ದರು. ಎಲ್ಲ ಕೇಳಿಸಿತ್ತು, ಆದರೂ ಅಕ್ಕಿ ಆರಿಸುತ್ತಲೇ ಇದ್ದರು. ಅತ್ತೆ ಹೋಗುವುದು ನನಗೆ ಬೇಡವಾಗಿತ್ತು. ಆದರೆ ಸ್ವಂತ ಮಗ ಕರೆಯುವಾಗ ಬೇಡ ಎನ್ನಲು ನಾನು ಯಾರು ಎಂಬ ಬಿಗುಮಾನ. ಅವರ ಮನಸ್ಸಿನಲ್ಲಿ ಏನಿತ್ತೋ ಕೇಳುವ ಧೈರ್ಯವೂ ಬರಲಿಲ್ಲ. ಹೀಗೆ ಒಂದು ವಿಷಯ ಬಿಟ್ಟು ಉಳಿದೆಲ್ಲವನ್ನೂ ಮಾತಾಡುತ್ತ ಇಬ್ಬರೂ ವಿಮಾನ ಹತ್ತಿದೆವು.

ನಗೋಯಾ: ಖಾಲಿ ಬಟ್ಟಲಿನ ಕಥೆ

ಹಗಲೆಲ್ಲ ನಾನು ತರಬೇತಿಯಲ್ಲಿರುತ್ತಿದ್ದೆ, ಅತ್ತೆ ಬಾಡಿಗೆಯ ಪುಟ್ಟ ಕೋಣೆಯಲ್ಲಿ ಒಬ್ಬರೇ. ಭಾಷೆ ಬಾರದ ಊರಿನಲ್ಲಿ ಏನು ಮಾಡಿಕೊಳ್ಳುತ್ತಾರೋ ಎಂದು ಮೊದಲ ದಿನ ನನಗೆ ಜೀವವೇ ಇರಲಿಲ್ಲ. ಸಂಜೆ ಬಂದರೆ ಮೇಜಿನ ಮೇಲೆ ಒಂದು ನೀಲಿ ಬಟ್ಟಲು, ಅದರ ತುಂಬ ಸಣ್ಣ ಕಿತ್ತಳೆ.

ನಡೆದದ್ದು ಇಷ್ಟು. ಪಕ್ಕದ ಕೋಣೆಯ ಅಜ್ಜಿ ಬಾಗಿಲಲ್ಲಿ ಎದುರಾದಾಗ ಅತ್ತೆ ಕೈಹಿಡಿದು ಎರಡು ರೊಟ್ಟಿ ಕೊಟ್ಟಿದ್ದಾರೆ. ಆಕೆ ಗಂಟೆಯೊಳಗೆ ಕಿತ್ತಳೆ ತಂದಿದ್ದಾಳೆ. ಬಟ್ಟಲು ಬರಿದು ಮಾಡಿ ಹಿಂತಿರುಗಿಸುವುದು ನಮ್ಮಲ್ಲಿಯೂ ಇಲ್ಲವಲ್ಲ, ಮರುದಿನ ಅತ್ತೆ ಅದರಲ್ಲಿ ಶೇಂಗಾ ಚಟ್ನಿ ಹಾಕಿ ಕೊಟ್ಟರು. ಆಕೆ ಉಪ್ಪಿನಕಾಯಿಯಂಥದ್ದೇನೋ ಹಾಕಿ ತಂದಳು. ಎರಡು ವಾರ ಆ ಬಟ್ಟಲು ಎರಡು ಬಾಗಿಲುಗಳ ನಡುವೆ ಓಡಾಡಿತು. ಕೊಟ್ಟಿದ್ದಕ್ಕೆ ಮರಳಿ ಕೊಡದೆ ಇರಲಾರದ ಇಬ್ಬರು ಹಟಮಾರಿಗಳು ಒಂದೇ ಓಣಿಯಲ್ಲಿ ಸಿಕ್ಕರೆ ಅದಕ್ಕೆ ಕೊನೆಯೇ ಇಲ್ಲ. ರೊಟ್ಟಿ ನಲವತ್ತರಲ್ಲಿ ಹದಿನೆಂಟನ್ನು ಆ ಅಜ್ಜಿಯೇ ತಿಂದಿರಬೇಕು.

"ಆಕಿ ಏನ ಮಾತಾಡ್ತಾಳ ಗೊತ್ತಾಗ್ತದೇನ್ರಿ ನಿಮಗ?" ಎಂದು ಕೇಳಿದೆ.

"ಮಾತ ಯಾಕ ಬೇಕು? ಮಗ ಇಲ್ಲೆ ಇಲ್ಲ, ಮೊಣಕಾಲು ನೋವು ಅದ, ಸೊಸಿ ಫೋನ್ ಮಾಡೂದಿಲ್ಲ. ಅಷ್ಟ" ಎಂದರು. ಆಮೇಲೆ ನಾನೇ ಆ ಅಜ್ಜಿಯನ್ನು ವಿಚಾರಿಸಿದೆ. ಸೊಸೆಯ ವಿಷಯವೊಂದನ್ನು ಬಿಟ್ಟು ಉಳಿದದ್ದೆಲ್ಲ ಸರಿಯಾಗಿತ್ತು. ಸೊಸೆ ವಾರಕ್ಕೆರಡು ಸಲ ಫೋನು ಮಾಡುತ್ತಾಳಂತೆ.

ಬೆಟ್ಟದ ರೈಲು

ಹಯಾಶಿಯವರ ಹಳ್ಳಿ ಗಿಫು ಪ್ರಾಂತ್ಯದ ಬೆಟ್ಟಗಳಲ್ಲಿ. ಎರಡು ಡಬ್ಬಿಯ ರೈಲು, ಒಳಗೆ ಹತ್ತು ಜನ, ಯಾರೂ ಉಸಿರೆತ್ತುವುದಿಲ್ಲ. ಪುಣೆಯಿಂದ ಹುಬ್ಬಳ್ಳಿಗೆ ಹೋಗುವ ಗಾಡಿಯಲ್ಲಿ ಸಾತಾರ ಬರುವಷ್ಟರಲ್ಲಿ ಎದುರಿನವರ ಮಗಳಿಗೆ ವರ ಹುಡುಕಿ ಕೊಟ್ಟಿರುವ ಅತ್ತೆಗೆ ಈ ಮೌನ ಶಿಕ್ಷೆಯೇ ಆಯಿತು. ಕೊನೆಗೆ ನನ್ನ ಕಿವಿಯ ಹತ್ತಿರ ಬಾಯಿ ತಂದು ಪಿಸುಗುಟ್ಟಿದರು.

"ಸುಮಾ, ಆ ಇಬ್ಬರು ಹೆಣ್ಮಕ್ಕಳು ಮೊದಲ ಹೆಂಗ ಕೂಡಿದರು ಅನ್ನೂದು ಈಗರ ಗೊತ್ತಾಗ್ತದಲ್ಲ?"

ನನಗೆ ಆಶ್ಚರ್ಯ. ಅತ್ತೆ ಆ ಪುಸ್ತಕಗಳನ್ನು ತೆರೆದು ನೋಡಿದ್ದಾರೆಂಬುದೇ ನನಗೆ ಗೊತ್ತಿರಲಿಲ್ಲ. ಅವರಿಗೆ ಜಪಾನೀ ಒಂದಕ್ಷರವೂ ಬಾರದು.

"ಯಾವಾಗ ನೋಡಿದ್ರಿ ಅವನ್ನ?"

"ನೀ ಹಡಪಸರಕ್ಕ ಹೋದ ಮ್ಯಾಲೆ. ಮಧ್ಯಾಹ್ನ ಏನ ಮಾಡಬೇಕು ನಾ? ಪ್ರಕಾಶ ಅಷ್ಟು ಜೀವ ಇಟ್ಟು ಓದ್ತಿದ್ದಾ. ಏನ ಅದ ಅದರಾಗ ಅಂತ ಚಿತ್ರ ನೋಡ್ತಿದ್ದೆ." ಕಿಟಕಿಯ ಕಡೆ ತಿರುಗಿದರು. "ನಿನ್ನ ಮುಂದ ತಗದ್ರ ನೀ ಅಳ್ತಿ."

ಆ ಇಬ್ಬರೂ ಭೇಟಿಯಾಗುವುದು ಮೊದಲ ಭಾಗದ ಮೊದಲ ಪುಟದಲ್ಲಿಯೇ, ಒಂದು ಬಿದ್ದ ಬಸ್‌ಸ್ಟ್ಯಾಂಡಿನಲ್ಲಿ. ಅದು ನಮ್ಮ ಮನೆಯಲ್ಲಿಯೇ ಇದೆ. ವಯಸ್ಸಾಯಿತು, ಮರೆತಿದ್ದಾರೆ ಎಂದುಕೊಂಡೆ. ನಾಲ್ಕು ವರ್ಷ ನಾನು ಮುಟ್ಟಲಾರದೆ ಇಟ್ಟಿದ್ದನ್ನು ಅವರು ದಿನವೂ ತೆಗೆದು, ನೋಡಿ, ನಾನು ಬರುವಷ್ಟರಲ್ಲಿ ಅಲ್ಲಿಯೇ ಇಡುತ್ತಿದ್ದರೆಂದು ತಿಳಿದು ನಾನೂ ಕಿಟಕಿಯ ಕಡೆ ತಿರುಗಿದೆ.

ಹಯಾಶಿಯವರ ಊರು: ಮೊದಲ ದಿನ

ಹಯಾಶಿಯವರೂ ಅವರ ಹೆಂಡತಿ ಕಿಯೊಕೊ ಅವರೂ ನಿಲ್ದಾಣದಲ್ಲಿ ನಿಂತಿದ್ದರು. ಹಯಾಶಿಯವರ ತಲೆ ಪೂರ್ತಿ ಬೆಳ್ಳಗಾಗಿತ್ತು. ಅತ್ತೆಯನ್ನು ಕಂಡವರೇ ಸೊಂಟ ಬಾಗಿಸಿ ನಮಸ್ಕರಿಸಿ ‘ಸಾಕು, ಸಾಕು’ ಎಂದರು. ಅತ್ತೆಗೆ ನಗು, ಅಳು ಎರಡೂ ಬಂದವು.

ಸುಂದರವಾದ ಊರು, ಆದರೆ ಜನವೇ ಇಲ್ಲ. ಶಾಲೆಗೆ ಬೀಗ. ಅಂಗಡಿಗಳಿಗೆ ತಗಡಿನ ಪರದೆ. ನಾಲ್ಕು ಮನೆಗೆ ಒಂದರಲ್ಲಿ ದೀಪ, ಆ ಒಂದರಲ್ಲಿ ಎಪ್ಪತ್ತು ದಾಟಿದವರು. ಖಾಲಿ ಮನೆಗಳ ಹಿತ್ತಿಲಲ್ಲಿ ಕಾಕಿ ಎಂಬ ಹಣ್ಣಿನ ಮರಗಳು, ಎಲೆಯುದುರಿ ಬರೀ ಕೇಸರಿ ಹಣ್ಣುಗಳನ್ನು ಹೊತ್ತು ನಿಂತಿದ್ದವು, ಕೀಳುವವರಿಲ್ಲ. ಕೀಳುವವರಿದ್ದ ಮನೆಯಲ್ಲಿಯೂ ತುದಿಯಲ್ಲಿ ಒಂದೆರಡು ಬಿಟ್ಟಿರುತ್ತಾರೆ, ಹಕ್ಕಿಗೆಂದು. ನಮ್ಮಲ್ಲಿ ಹಳ್ಳಿಗಳ ಕಡೆ ರಾಶಿಯಾದ ಮೇಲೂ ಹೊಲದ ಅಂಚಿನಲ್ಲಿ ನಾಲ್ಕು ತೆನೆ ಬಿಡುವವರನ್ನು ಕಂಡಿದ್ದೇನೆ. ಹಯಾಶಿಯವರು ಪ್ರತಿ ಖಾಲಿ ಮನೆಯ ಮುಂದೆಯೂ ನಿಂತು ಅಲ್ಲಿದ್ದವರ ಹೆಸರು ಹೇಳುತ್ತಿದ್ದರು. ಆ ಚಿತ್ರಕಥೆಯ ಮೇಲೆ ಅವರಿಗೆ ಅಷ್ಟು ಪ್ರೀತಿ ಏಕೆಂದು ನನಗೆ ಅಲ್ಲಿ ಅರ್ಥವಾಯಿತು.

ಸಂಜೆ ಅನಾಹುತವೊಂದು ನಡೆಯಿತು. ಜಪಾನಿನ ಮನೆಗಳಲ್ಲಿ ಮೊದಲು ತೊಟ್ಟಿಯ ಹೊರಗೆ ಮೈ ತೊಳೆದುಕೊಂಡು, ಆಮೇಲೆ ಬಿಸಿನೀರಿನ ತೊಟ್ಟಿಯಲ್ಲಿ ಕೂರುತ್ತಾರೆ. ಅದೇ ನೀರಿನಲ್ಲಿ ಮನೆಮಂದಿ ಒಬ್ಬರಾದ ಮೇಲೊಬ್ಬರು ಕೂರುತ್ತಾರೆ. ಅತಿಥಿಗೆ ಮೊದಲ ಮರ್ಯಾದೆ. ಇದನ್ನು ಅತ್ತೆಗೆ ಹೇಳಬೇಕಾದವಳು ನಾನು, ಮರೆತೆ. ಅತ್ತೆ ಸ್ನಾನ ಮುಗಿಸಿ, ತಳದ ಬಿರಡೆ ಕಿತ್ತು, ತೊಟ್ಟಿಯನ್ನು ಉಜ್ಜಿ ತೊಳೆದು, ಕವುಚಿ ಬಿದ್ದಿದ್ದ ಬಕೆಟ್ಟನ್ನು ನೆಟ್ಟಗಿಟ್ಟು ಹೊರಗೆ ಬಂದರು. ಹಿಂದೆಯೇ ಟವೆಲ್ಲು ಹಿಡಿದು ಹೋದ ಹಯಾಶಿಯವರು ಬರಿದಾದ ತೊಟ್ಟಿಯ ಮುಂದೆ ನಿಂತುಬಿಟ್ಟರು.

"ನಾ ಮಿಂದ ನೀರು ಇನ್ನೊಬ್ಬರಿಗೆ ಬಿಡ್ಲೇನು? ನನಗ ಅಷ್ಟೂ ರೀತಿ ಗೊತ್ತಿಲ್ಲೇನು?" ಎಂದು ಅತ್ತೆ ನನ್ನ ಮೇಲೆಯೇ ಸಿಟ್ಟಾದರು. ಕಿಯೊಕೊ ಅವರಿಗೆ ಇದನ್ನು ತಿಳಿಸಿದಾಗ ಬಾಯಿಗೆ ಕೈಹಿಡಿದು ನಕ್ಕರು. ತೊಟ್ಟಿ ಇಷ್ಟು ಸ್ವಚ್ಛವಾದದ್ದು ಹೊಸದಾಗಿ ತಂದಾಗ ಮಾತ್ರ ಎಂದರು.

ಎರಡನೆಯ ದಿನ: ಜಗುಲಿ

ಮಧ್ಯಾಹ್ನದ ಊಟವಾದ ಮೇಲೆ ಜಗುಲಿಯಲ್ಲಿ ಬಿಸಿಲಿಗೆ ಕೂತಿದ್ದೆವು. ಹಯಾಶಿಯವರು ಬಟ್ಟೆಯಲ್ಲಿ ಸುತ್ತಿದ ಪುಸ್ತಕ ತಂದರು. ಎರಡೂ ಕೈಯಲ್ಲಿ ಹಿಡಿದು, ನನಗಲ್ಲ, ಅತ್ತೆಗೆ ಕೊಟ್ಟರು. "ಪ್ರಕಾಶ್-ಸಾನ್‌ಗೆ ಕೊಡುವುದಾಗಿ ಮಾತು ಕೊಟ್ಟಿದ್ದೆ. ತಡ ಮಾಡಿಬಿಟ್ಟೆ. ಕ್ಷಮಿಸಿ" ಎಂದರು. ನಾನು ಅದನ್ನು ಕನ್ನಡಕ್ಕೆ ತರುವಷ್ಟರಲ್ಲಿ ಅತ್ತೆ ಪುಸ್ತಕವನ್ನು ಕಣ್ಣಿಗೆ ಒತ್ತಿಕೊಂಡಿದ್ದರು.

ಆಮೇಲೆ ತೆರೆದರು. ನಾವೆಲ್ಲ ಪುಸ್ತಕ ತೆರೆಯುವಂತೆ, ಎಡಗಡೆಯಿಂದ.

ಜಪಾನೀ ಪುಸ್ತಕ ಬಲಗಡೆಯಿಂದ ಶುರುವಾಗುತ್ತದೆ. ಎಡಗಡೆ ಇರುವುದು ಕೊನೆಯ ಪುಟ. ಅದರಲ್ಲಿ ಒಂದು ನದಿ ಕವಲೊಡೆಯುವ ಜಾಗ, ಒಂದು ದಡದ ದಾರಿಯಲ್ಲಿ ಮುದುಕಿ, ಇನ್ನೊಂದರಲ್ಲಿ ಹರೆಯದವಳು, ಒಬ್ಬರು ಇನ್ನೊಬ್ಬರ ಕಡೆ ಮುಖ ಮಾಡಿ ನಿಂತಿದ್ದಾರೆ. ನನಗೆ ನೋಡಿದ ಕೂಡಲೇ ತಿಳಿಯಿತು. ಅಗಲುತ್ತಾರೆ. ಅಂದು ನಾನೂ ಪ್ರಕಾಶರೂ ವಾದ ಮಾಡಿದ್ದಕ್ಕೆ ಉತ್ತರ ಅದು.

ಅತ್ತೆಯ ಮುಖ ಮಾತ್ರ ಅರಳಿತು.

"ನೋಡು, ಇಬ್ಬರೂ ಬ್ಯಾರೆ ಬ್ಯಾರೆ ದಾರಿಯಿಂದ ಬಂದು ಇಲ್ಲೆ ಕೂಡ್ಯಾರ. ನಾ ಅಂದ್ಕೊಂಡಂಗ ಅದ. ಇದ ಮೊದಲನೇ ಪುಸ್ತಕ. ನಮ್ಮನ್ಯಾಗ ಇರೂವು ಮುಂದಿನವು."

ಆಗ ಎಲ್ಲವೂ ಸ್ಪಷ್ಟವಾಯಿತು. ಪ್ರಕಾಶ್ ಮೂರೂ ಭಾಗಗಳನ್ನು ಜಪಾನೀಯರಂತೆ ಬಲದಿಂದ ಎಡಕ್ಕೆ ಜೋಡಿಸಿಟ್ಟಿದ್ದರು. ಅತ್ತೆ ಎಡಗಡೆಯ ಮೂರನೆಯ ಭಾಗವನ್ನು ಮೊದಲನೆಯದೆಂದು ತೆಗೆದು, ಎಡಗಡೆಯಿಂದ ಪುಟ ತಿರುವಿ, ಇಡೀ ಕಥೆಯನ್ನು ತುದಿಯಿಂದ ಬುಡಕ್ಕೆ ನೋಡಿದ್ದರು. ನನಗೆ ಈ ಪುಸ್ತಕ ಕೊನೆ, ಅವರಿಗೆ ಆರಂಭ.

"ಹಂಗಾದ್ರ ಕಥಿ ಏನ್ರಿ ಅತ್ತಿ?" ಎಂದು ಕೇಳಿದೆ.

"ಕಥಿ ಏನು. ಮೊದಲ ಮಂದಿ ಭಾಳ ಇರ್ತಾರ, ಸಂತಿ ಇದ್ದಂಗ. ಆಮ್ಯಾಲೆ ಒಬ್ಬೊಬ್ಬರ ಕಡಿಮಿ ಆಗ್ತಾರ. ಮನಿ ಬೀಳ್ತಾವ. ಆದರ ಈ ಇಬ್ಬರು ಬಿಡೂದಿಲ್ಲ, ನಡೀತಾರ. ಕಡೀಕ ಯಾರೂ ಇಲ್ಲ, ಇವರಿಬ್ಬರ. ಬಸ್‌ಸ್ಟ್ಯಾಂಡಿನಾಗ ಕೂತು ಒಂದು ಹಣ್ಣು ಹರಕೊಂಡು ತಿಂತಾರ. ಅಲ್ಲಿಗೆ ಮುಗೀತು. ಭಾಳ ಚೊಲೋ ಅದ."

"ಗಿಡಗೋಳು ಬರಬರ್ತ ಸಣ್ಣ ಆಗ್ತಾವಲ್ಲರಿ?"

"ನಾ ಏನ ಗಿಡ ಅಳೀಲಿಕ್ಕೆ ಕೂತಿದ್ನೇನು?"

ನಗಬೇಕೆಂದರೂ ನನಗೆ ನಗು ಬರಲಿಲ್ಲ. ಅಪರಿಚಿತರಿಬ್ಬರು ಮೊದಲ ಸಲ ಎದುರಾಗುವ ಆ ಬಸ್‌ಸ್ಟ್ಯಾಂಡು ಅತ್ತೆಯ ಕಣ್ಣಿಗೆ ಮನೆಯಾಗಿತ್ತು. ಎಲ್ಲರೂ ಹೋದ ಮೇಲೆ ಉಳಿದಿಬ್ಬರು ಹಂಚಿ ತಿನ್ನುವುದನ್ನು ಅವರು ಸುಖಾಂತ್ಯವೆಂದು ನಾಲ್ಕು ವರ್ಷ ನೋಡಿದ್ದರು, ನಮ್ಮ ಕಾತ್ರಜದ ಮನೆಯಲ್ಲಿ, ಮಧ್ಯಾಹ್ನ ಒಬ್ಬರೇ ಕೂತು.

ಏನು ಹೇಳುತ್ತಿದ್ದಾರೆಂದು ಹಯಾಶಿಯವರು ಕೇಳಿದರು. ತಿಳಿಸಿದೆ. ಅವರು ಹುಟ್ಟಾ ಇಂಜಿನಿಯರು. ತಿರುಪು ಉಲ್ಟಾ ಕೂತಿದ್ದನ್ನು ಕಂಡು ಸುಮ್ಮನಿರುವುದು ಅವರಿಂದಾಗದು. ಆದರೂ ನನ್ನ ಮುಖ ನೋಡಿ, "ತಾಯಿಯವರಿಗೆ ಹೇಳಲೇ?" ಎಂದರು. ಬೇಡ ಎನ್ನಬೇಕೆಂದು ನನಗೆ ಬಹಳ ಅನಿಸಿತು. ಆದರೆ ಅಲ್ಲಿರುವುದನ್ನು ಇದ್ದಂತೆ ಇತ್ತ ತರುವುದೇ ನನ್ನ ಅನ್ನದ ಕೆಲಸ. ಅತ್ತೆಗಾಗಿ ಸುಳ್ಳು ಅನುವಾದ ಮಾಡಲು ಬಾಯಿ ಬರಲಿಲ್ಲ. ಹೇಳಿ ಎಂದೆ.

ಅವರು ಪುಸ್ತಕವನ್ನು ತಿರುಗಿಸಿ ಅತ್ತೆಯ ಮಡಿಲಲ್ಲಿಟ್ಟು, ಬೆರಳಿನಿಂದ ಬಲದಿಂದ ಎಡಕ್ಕೆ ದಾರಿ ತೋರಿಸಿದರು. ಒಂದೊಂದು ವಾಕ್ಯಕ್ಕೂ ನಿಲ್ಲಿಸಿ ವಿವರಿಸಿದರು, ನಾನು ಒಂದೊಂದನ್ನೂ ಕನ್ನಡಕ್ಕೆ ತಂದೆ. ಲೋಕ ಮತ್ತೆ ತುಂಬಿತು. ಇವರು ನೆಟ್ಟ ಬೀಜ ಕಾಡಾಯಿತು. ನದಿಯ ಎರಡೂ ಕವಲುಗಳಲ್ಲಿ ಊರುಗಳೆದ್ದವು, ಎರಡೂ ಕಡೆಯವರಿಗೆ ಇವರು ಬೇಕು. ಅದಕ್ಕೇ ಒಬ್ಬಳು ಆ ಕಡೆ, ಒಬ್ಬಳು ಈ ಕಡೆ ಹೋಗುತ್ತಾರೆ. "ಇದಕ್ಕಿಂತ ಒಳ್ಳೆಯ ಕೊನೆ ಇರಲಾರದು" ಎಂದು ಹಯಾಶಿಯವರು ಬೀಗ ಹಾಕಿದ ಶಾಲೆಯ ಕಡೆ ನೋಡಿದರು. ಅದನ್ನೂ ಹೇಳಿದೆ.

ಅತ್ತೆ ಪುಸ್ತಕ ಹಿಡಿದು ಜಗುಲಿಯ ಮೂಲೆಗೆ ಸರಿದು ಕೂತರು. ಐದು ಗಂಟೆಗೆ ಊರಿನ ಧ್ವನಿವರ್ಧಕದಲ್ಲಿ ದಿನದ ಕೆಲಸ ಮುಗಿಯಿತೆಂದು ಸಾರುವ ಒಂದು ರಾಗ ಬರುತ್ತದೆ. ಕೇಳುವವರು ನಾಲ್ಕು ಜನ, ಆದರೂ ತಪ್ಪುವುದಿಲ್ಲ. ಅಲ್ಲಿಯವರೆಗೂ ಅವರು ಬೆರಳಿಟ್ಟು, ಬಲಗಡೆಯಿಂದ, ಒಂದೊಂದೇ ಚಿತ್ರ ನೋಡುತ್ತಿದ್ದರು. ಅಗಲುವುದೇ ಒಳ್ಳೆಯ ಕೊನೆಯೆಂದು ನನ್ನ ಬಾಯಿಂದಲೇ ಕೇಳಿದ ಮೇಲೆ ಹುಬ್ಬಳ್ಳಿಯ ವಿಷಯ ಇನ್ನು ಇತ್ಯರ್ಥವಾಯಿತು ಎಂದುಕೊಂಡೆ. ಅತ್ತೆಯ ಸಾಮಾನಿಗೆ ಎಷ್ಟು ಪೆಟ್ಟಿಗೆ ಬೇಕಾಗಬಹುದೆಂದು ಅಡುಗೆಮನೆಯಲ್ಲಿ ನಿಂತು ಲೆಕ್ಕ ಹಾಕುತ್ತ ಅತ್ತುಬಿಟ್ಟೆ. ಕಿಯೊಕೊ ಅವರು ಕಂಡರೂ ಕಾಣದಂತೆ ಚಹಾ ಸೋಸಿ ಕೊಟ್ಟರು. ಅಲ್ಲಿಯ ಜನರ ಆ ಒಂದು ಗುಣಕ್ಕೆ ನಾನು ಇಂದಿಗೂ ಋಣಿ.

ಮೂರನೆಯ ದಿನ: ಫೋನು

ಹೊರಡುವ ದಿನ. ಬೆಳಿಗ್ಗೆ ಹಾಸಿಗೆ ಮಡಿಸುತ್ತಿದ್ದೆ. ಹಾಸಿಗೆಯ ಇನ್ನೊಂದು ತುದಿ ಹಿಡಿದ ಅತ್ತೆ ಅಲ್ಲಿಯೇ ನಿಂತರು.

"ಅವರಿಗೆ ಸಾವ ಇಲ್ಲ" ಎಂದರು.

"ಯಾರಿಗ್ರಿ?"

"ಪುಸ್ತಕದಾಗಿನ ಇಬ್ಬರಿಗೆ. ಸಾವ ಇಲ್ಲದವರು ಅಗಲಿದ್ರ ನಡೀತದ. ನೂರು ವರ್ಷ ಬಿಟ್ಟು ಮತ್ತ ಸಿಗ್ತಾರ, ಇನ್ನೂರು ವರ್ಷ ಬಿಟ್ಟು ಮತ್ತ ಸಿಗ್ತಾರ. ಹಯಾಶಿಯವರು ಹೇಳಿದ್ದು ಖರೇ ಅದ, ಚೊಲೋ ಕಥಿ. ಆದ್ರ ಸುಮಾ, ನನಗ ಎಪ್ಪತ್ತೊಂದು. ನಮಗ ಅಗಲ್ಲಿಕ್ಕೆ ಪುರುಸೊತ್ತು ಎಲ್ಲಿ ಅದ?"

ನನ್ನ ಉತ್ತರಕ್ಕೆ ಕಾಯದೆ ಅವರು ಹಾಸಿಗೆ ಮಡಿಸಿ ಮೂಲೆಗಿಟ್ಟರು.

"ಫೋನ್ ಮಾಡಬಹುದೇನ ಕೇಳು. ಅಶೋಕ ಅಂಗಡಿಗೆ ಹೋಗೂದ್ರಾಗ ಸಿಗಬೇಕು."

ಅಲ್ಲಿ ಮಧ್ಯಾಹ್ನ ಹನ್ನೆರಡಾದರೆ ನಮ್ಮಲ್ಲಿ ಬೆಳಿಗ್ಗೆ ಎಂಟೂವರೆ. ಅಷ್ಟು ಹೊತ್ತು ಅತ್ತೆ ಫೋನಿನ ಪಕ್ಕದಿಂದ ಏಳಲಿಲ್ಲ. ಗಂಟೆ ಬಾರಿಸಿದ ಕೂಡಲೇ ಹಯಾಶಿಯವರು ನಂಬರು ಒತ್ತಿ ಕೊಟ್ಟರು. ಅಷ್ಟು ದೂರದ ಊರಿಗೆ ಎಷ್ಟು ದನಿ ಬೇಕೋ ಅಷ್ಟು ದನಿಯಲ್ಲಿ ಅತ್ತೆ ಮಾತಾಡಿದರು. ಆ ಮೌನದ ಹಳ್ಳಿಗೆಲ್ಲ ಕೇಳಿಸಿರಬೇಕು.

"ಅಶೋಕಾ, ಗಾಡಿ ತರಬ್ಯಾಡ. ನಾ ಬರಂಗಿಲ್ಲ... ಇಲ್ಲೋ, ಆರಾಮ ಅದೀನಿ... ಹಬ್ಬಕ್ಕ ಬರ್ತೀನಿ, ಎಂಟು ದಿನಾ ಇರ್ತೀನಿ, ತಿರುಗಿ ಹೋಗ್ತೀನಿ... ಇಕಿ ಒಬ್ಬಾಕಿ ಆಗ್ತಾಳ ಅಂತ ಅಲ್ಲೋ ತಮ್ಮಾ, ಇಕಿ ಗಟ್ಟಿ ಇದ್ದಾಳ. ನಾ ಒಬ್ಬಾಕಿ ಆಗ್ತೀನಿ."

ಆ ಕಡೆ ಅವನೇನೋ ಕೇಳಿದ. ಅತ್ತೆ ನನ್ನ ಕಡೆ ನೋಡದೆ ರಿಸೀವರು ಚಾಚಿದರು.

"ವೈನಿ, ಅವ್ವ ಹಟ ಹಿಡದಾಳ. ನೀವು ಸಂಕೋಚ ಮಾಡಬ್ಯಾಡ್ರಿ, ನಿಮಗ ತ್ರಾಸ ಆಗ್ತಿದ್ರ ನಾ ತಿಳಿಸಿ ಹೇಳ್ತೀನಿ. ನೀವು ಏನಂತೀರಿ?"

ಹೇಳುವುದು ಬಹಳ ಇತ್ತು. ಗೀಸರು, ಟಿ.ವಿ., ನಾಲ್ಕು ವರ್ಷ, ಎಲ್ಲ. ಅತ್ತೆ ಜಗುಲಿಯ ಬಾಗಿಲಿಗೆ ಮುಖ ಮಾಡಿ, ಬೆನ್ನು ಸೆಟೆಸಿಕೊಂಡು ಕೂತಿದ್ದರು.

"ನನಗ ಅತ್ತಿ ಬೇಕ್ರಿ" ಎಂದೆ, ಅವರಿಗೆ ಕೇಳಿಸುವಂತೆ, ಸ್ವಲ್ಪ ಜೋರಾಗಿಯೇ.